ಒಂದೇ ಟೋಪಿಯಲ್ಲಿ ಇಇಜಿ, ಎಫ್‌ಎನ್‌ಐಆರ್‌ಎಸ್: ನನ್ನ ಅನುಭವ

‘ತಲೆಗೆ ಎಣ್ಣೆ ಹಾಕ್ಬೇಡಿ ಮಾರಾಯ್ರೆ, ಶಾಂಪೂ ಹಾಕಿ ಮಿಂದು ಬನ್ನಿ.’ ಪ್ರಯೋಗಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಂಗಳೂರಿನಲ್ಲಿ ತೆಂಗಿನೆಣ್ಣೆ ಹಚ್ಚದ ತಲೆ ಸಿಗುವುದು ಕಷ್ಟ. ಎಣ್ಣೆ ಇದ್ದರೆ ಇಇಜಿ (ಮೆದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಅಳೆಯುವ ವಿಧಾನ) ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ.

ನನ್ನ ಕೆಲಸ, ಬೇಸರದ ಕೆಲಸದಲ್ಲಿ ಗಮನ ಜಾರುವಾಗ ಮೆದುಳಲ್ಲಿ ಏನಾಗುತ್ತದೆ ಎಂದು ನೋಡುವುದು. ಪರದೆಯಲ್ಲಿ 1ರಿಂದ 9ರವರೆಗಿನ ಅಂಕೆಗಳು ಬರುತ್ತಿರುತ್ತವೆ. ಪ್ರತಿ ಅಂಕೆಗೂ ಗುಂಡಿ ಒತ್ತಬೇಕು, 3 ಬಂದಾಗ ಮಾತ್ರ ಒತ್ತಬಾರದು. ಸುಲಭ ಅಲ್ವಾ? ಸ್ವಲ್ಪ ಹೊತ್ತಿಗೆ ಬೆರಳು ತನ್ನಷ್ಟಕ್ಕೇ ಒತ್ತುತ್ತದೆ. ‘ಛೆ!’ ಅಂತಾರೆ. ಆ ‘ಛೆ’ಯಲ್ಲಿ ದವಡೆ ಅಲ್ಲಾಡಿ ಇಇಜಿ ಪೂರ್ತಿ ಗಲೀಜು.

ಇಇಜಿ ವಿದ್ಯುತ್ತಿನ ಏರಿಳಿತವನ್ನು ಮಿಲಿಸೆಕೆಂಡಿನಲ್ಲೇ ಹಿಡಿಯುತ್ತದೆ, ಆದರೆ ಅದು ಎಲ್ಲಿಂದ ಬಂತು ಎಂಬುದು ಮಸುಕು. ಎಫ್‌ಎನ್‌ಐಆರ್‌ಎಸ್ ತಲೆಗೆ ಅವಗೆಂಪು ಬೆಳಕು ಬಿಟ್ಟು ರಕ್ತದ ಆಮ್ಲಜನಕ ನೋಡುತ್ತದೆ. ಜಾಗ ಇಇಜಿಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ರಕ್ತ ಏರಲು ಐದಾರು ಸೆಕೆಂಡು ಬೇಕು. ಹಾಗಾಗಿ ಎರಡನ್ನೂ ಒಂದೇ ಟೋಪಿಯಲ್ಲಿ ಸೇರಿಸುತ್ತೇನೆ. ಎಫ್‌ಎಂಆರ್‌ಐ (ಕೆಲಸ ಮಾಡುವಾಗಲೇ ಮೆದುಳನ್ನು ನೋಡುವ ಎಂಆರ್‌ಐ ಸ್ಕ್ಯಾನ್) ಯಾಕೆ ಬೇಡ ಎಂದು ಕೇಳುತ್ತಾರೆ. ಅಲ್ಲಿ ಮಲಗಬೇಕು, ಇಂಥ ಕೆಲಸ ಕೊಟ್ಟರೆ ನಿದ್ದೆಯೇ ಬರುತ್ತದೆ!

ಅಂಕೆಗಳು ಒಂದು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಅಂತರದಲ್ಲಿ ಬರುವುದರಿಂದ ರಕ್ತದ ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಕೆಲಸವನ್ನು ಕಂತುಗಳಾಗಿ ಮಾಡಿ ನಡುವೆ ವಿರಾಮ ಇಡುತ್ತೇನೆ. ವಿರಾಮಗಳು ಒಂದೇ ಅಳತೆಯಲ್ಲಿ ಇರಬಾರದು. ರಕ್ತದೊತ್ತಡಕ್ಕೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ತಾಳ ಇದೆ, ಅದರ ಜೊತೆ ಸೇರಿಬಿಟ್ಟರೆ ಬಿಡಿಸಲಾಗುವುದಿಲ್ಲ. ಎರಡೂ ಮೆಷಿನ್‌ಗಳಿಗೆ ಒಂದೇ ಕಂಪ್ಯೂಟರಿನಿಂದ ಟ್ರಿಗರ್, ಅಂದರೆ ಅಂಕೆ ಬಂದ ಕ್ಷಣದ ಗುರುತು, ಕಳಿಸುತ್ತೇನೆ.

ಟೋಪಿ ಹಾಕುವುದೇ ದೊಡ್ಡ ಕೆಲಸ. ದಪ್ಪ ಕಪ್ಪು ಕೂದಲು ಎಫ್‌ಎನ್‌ಐಆರ್‌ಎಸ್ ಬೆಳಕನ್ನು ನುಂಗುತ್ತದೆ. ಇಯರ್‌ಬಡ್ ಕಡ್ಡಿಯಿಂದ ಪ್ರತಿ ತೂತಿನಲ್ಲೂ ಕೂದಲು ಸರಿಸಬೇಕು. ಮೊದಲು ಬೆಳಕು ಸರಿ ಮಾಡಿ, ಆಮೇಲೆ ಇಇಜಿ ಜೆಲ್. ಈ ಕ್ರಮ ತಿರುಗುಮುರುಗು ಮಾಡಿದರೆ ಜೆಲ್ ಹರಿದು ಬೆಳಕಿನ ತೂತಿಗೆ ಸೇರುತ್ತದೆ. ಹೊರಗಿನ ಬೆಳಕು ಬಾರದಂತೆ ಮೇಲೊಂದು ಕಪ್ಪು ಬಟ್ಟೆ. ನಮ್ಮ ಸೆಕೆಗೆ ಎಸಿ ಇಲ್ಲದೆ ಆಗುವುದೇ ಇಲ್ಲ, ಬೆವರಿದರೆ ಇಇಜಿ ಗೆರೆ ಮೆಲ್ಲಗೆ ತೇಲಲು ಶುರುವಾಗುತ್ತದೆ.

ತಪ್ಪು ಒತ್ತುವ ಮೊದಲೇ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆ (ಇಇಜಿಯಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ) ಏರುವುದು ಅನೇಕರಲ್ಲಿ ಕಾಣುತ್ತದೆ, ಬೇರೆಯವರೂ ಇದನ್ನು ನೋಡಿದ್ದಾರೆ. ರಕ್ತದ ಕಥೆ ಅಷ್ಟು ನೇರ ಅಲ್ಲ. ದಣಿದಂತೆ ಒಬ್ಬರಲ್ಲಿ ಹಣೆಯ ಬಲಭಾಗದ ಚಟುವಟಿಕೆ ಏರುತ್ತದೆ, ಇನ್ನೊಬ್ಬರಲ್ಲಿ ಇಳಿಯುತ್ತದೆ. ಅದು ಮೆದುಳೋ, ಬರೀ ನೆತ್ತಿಯ ಚರ್ಮದ ರಕ್ತವೋ ಎಂದು ತಿಳಿಯಲು ಗಿಡ್ಡ ಚಾನೆಲ್‌ಗಳು ಬೇಕು, ಅಂದರೆ ಬೆಳಕು ಬಿಡುವ ಜಾಗಕ್ಕೂ ಹಿಡಿಯುವ ಜಾಗಕ್ಕೂ ಸುಮಾರು 8 ಮಿ.ಮೀ. ಮಾತ್ರ ದೂರ ಇರುವ ಜೋಡಿಗಳು. ಅವು ಬಹುಪಾಲು ಚರ್ಮವನ್ನಷ್ಟೇ ನೋಡುತ್ತವೆ, ಅದನ್ನು ಉಳಿದ ಅಳತೆಯಿಂದ ಕಳೆಯಬಹುದು. ಅವಿಲ್ಲದ ಮೆಷಿನ್ ಕಡಿಮೆಗೆ ಸಿಕ್ಕರೆ? ನಾನಾದರೆ ದುಡ್ಡು ಕೂಡುವ ತನಕ ಕಾಯುತ್ತೇನೆ.