ಸಿರಪ್ ಬರೆಯುವ ಮೊದಲು ನಾನು ನೋಡುವ ಸಾಲು

ಮಗುವಿನ ಕೆಳರೆಪ್ಪೆ ಬಿಳಿಚಿಕೊಂಡಿದೆಯಾ, ಹಿಮೋಗ್ಲೋಬಿನ್ ಕಡಿಮೆ ಇದೆಯಾ, ಬರೆ ಕಬ್ಬಿಣದ ಸಿರಪ್. ಮಕ್ಕಳ ಡಾಕ್ಟರ್ ಆದ ಹೊಸತರಲ್ಲಿ ನನ್ನ ಪೆನ್ನು ತಾನಾಗಿಯೇ ಹಾಗೆ ಓಡುತ್ತಿತ್ತು. ಮಕ್ಕಳ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಜಾಸ್ತಿ ಕಾರಣ. ಹಾಗಾಗಿ ಬಹಳ ಸಲ ಅದು ಸರಿಯೂ ಆಗುತ್ತಿತ್ತು.

ಎರಡು ವರ್ಷದ ಒಬ್ಬ ಹುಡುಗನ ವಿಷಯದಲ್ಲಿ ಆಗಲಿಲ್ಲ. ಹಿಮೋಗ್ಲೋಬಿನ್ 9.8. ಮೂರು ತಿಂಗಳು ಸಿರಪ್ ಕೊಟ್ಟರೂ ಅಲ್ಲೇ ಕೂತಿತ್ತು. "ಸರಿಯಾಗಿ ಕುಡಿಸ್ತಿಲ್ಲ ಅನ್ಸುತ್ತೆ" ಎಂದು ತಾಯಿಗೆ ಅಂದುಬಿಟ್ಟೆ. ಅವರು ಏನೂ ಮಾತಾಡದೆ ಮಗುವಿನ ಬಾಯಿ ತೆರೆಸಿ ತೋರಿಸಿದರು. ಸಿರಪ್ ಕುಡಿದು ಕುಡಿದು ಹಲ್ಲೆಲ್ಲ ಕಪ್ಪಾಗಿದ್ದವು.

ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ಹಳೆಯ ರಿಪೋರ್ಟ್ ಮತ್ತೆ ತೆಗೆದೆ. ಎಂಸಿವಿ, ಅಂದರೆ ಕೆಂಪುಕಣಗಳ ಸರಾಸರಿ ಗಾತ್ರ, 58: ಕಣಗಳು ತೀರಾ ಚಿಕ್ಕವು. ಅದನ್ನು ಮೊದಲೇ ನೋಡಿದ್ದೆ. ನೋಡದೆ ಬಿಟ್ಟದ್ದು ಕಣಗಳ ಎಣಿಕೆಯ ಸಾಲು: 56 ಲಕ್ಷ. ಕಬ್ಬಿಣ ಸಾಲದಿದ್ದರೆ ಮೂಳೆಮಜ್ಜೆ ಮಾಡುವ ಕಣಗಳು ಚಿಕ್ಕವೂ ಆಗುತ್ತವೆ, ಸಾಮಾನ್ಯವಾಗಿ ಕಡಿಮೆಯೂ ಆಗುತ್ತವೆ. ಇಲ್ಲಿ ಕಣ ಚಿಕ್ಕದು, ಎಣಿಕೆ ಮಾತ್ರ ಜಾಸ್ತಿ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಎಣಿಕೆಯಿಂದ ಭಾಗಿಸಿದರೆ ಸಿಗುವುದು ಮೆಂಟ್ಜರ್ ಸೂಚ್ಯಂಕ. 1973ರಿಂದ ಇರುವ ಲೆಕ್ಕ, ಖರ್ಚೇ ಇಲ್ಲ. 58ನ್ನು 5.6ರಿಂದ ಭಾಗಿಸಿದೆ, 10 ಚಿಲ್ಲರೆ ಬಂತು. 13ಕ್ಕಿಂತ ಕಡಿಮೆ ಇದ್ದರೆ ಥಲಸ್ಸೇಮಿಯಾ ಟ್ರೇಟ್ (ಹಿಮೋಗ್ಲೋಬಿನ್ ತಯಾರಿಯಲ್ಲಿ ಅಪ್ಪ ಅಥವಾ ಅಮ್ಮನಿಂದ ಬಂದ ಸಣ್ಣ ದೋಷ) ಇರಬಹುದು, ಜಾಸ್ತಿ ಇದ್ದರೆ ಕಬ್ಬಿಣದ ಕೊರತೆ. ಸುಳಿವು ಅಷ್ಟೇ, ತೀರ್ಪಲ್ಲ. ಹಿಮೋಗ್ಲೋಬಿನ್ ಬಗೆಗಳನ್ನು ಬೇರೆಬೇರೆಯಾಗಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿದಾಗ, ಅದರಲ್ಲೊಂದು ಬಗೆಯಾದ ಹಿಮೋಗ್ಲೋಬಿನ್ ಎ2 ಶೇ. 5.2 ಬಂತು. 3.5 ದಾಟಿದರೇ ಬೀಟಾ ಥಲಸ್ಸೇಮಿಯಾ ಟ್ರೇಟ್ ಅನ್ನುತ್ತೇವೆ. ಅದಕ್ಕೆ ಔಷಧಿ ಬೇಕಿಲ್ಲ. ಆದರೆ ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ, ಪ್ರತಿ ಬಸಿರಲ್ಲೂ ಮಗುವಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಅದರ ತೀವ್ರ ರೂಪ, ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿಗೂ ಪರೀಕ್ಷೆ ಮಾಡಿಸಿದೆ, ತಾಯಿಗೆ ಮಾತ್ರ ಇತ್ತು.

ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಕೂಡ ನನ್ನನ್ನು ಒಮ್ಮೆ ಏಮಾರಿಸಿದೆ. ಜ್ವರದಲ್ಲಿದ್ದ ಒಂದು ಮಗುವಿನ ಫೆರಿಟಿನ್ 38 ಬಂದಿತ್ತು. ಕಬ್ಬಿಣ ಸಾಕಷ್ಟಿದೆ ಅಂದುಕೊಂಡೆ. ಆದರೆ ಎಂಸಿವಿ 62, ಎಣಿಕೆ 41 ಲಕ್ಷ, ಆರ್‌ಡಿಡಬ್ಲ್ಯು 19. ಕಣಗಳ ಅಳತೆಯಲ್ಲಿ ಅಷ್ಟೊಂದು ಏರುಪೇರು ಅಂದರೆ ಕಬ್ಬಿಣದ ಮೇಲೇ ಅನುಮಾನ ಬರಬೇಕು, ಅಲ್ವಾ? ಸೋಂಕು ಇದ್ದಾಗ ಫೆರಿಟಿನ್ ಸುಮ್ನೆ ಏರಿಬಿಡುತ್ತದೆ. ಜ್ವರ ಇಳಿದು, ಸೋಂಕಿನ ಸುಳಿವು ಕೊಡುವ ಸಿಆರ್‌ಪಿ ಮಾಮೂಲಿಗೆ ಬಂದ ಮೇಲೆ ನೋಡಿದರೆ ಫೆರಿಟಿನ್ 7. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ 12ಕ್ಕಿಂತ ಕಡಿಮೆ ಇದ್ದರೇ ಕೊರತೆ. ಈಗ ಫೆರಿಟಿನ್ ಜತೆ ಸಿಆರ್‌ಪಿಯನ್ನೂ ಬರೆಯುತ್ತೇನೆ. ಇನ್ನೊಂದು ತೊಡಕಿದೆ: ಕಬ್ಬಿಣ ಕಡಿಮೆ ಇದ್ದಾಗ ಎ2 ಕೂಡ ತುಸು ಇಳಿದು ಟ್ರೇಟ್ ಮರೆಯಾಗಬಹುದು. ಅಂಥ ಮಗುವಿಗೆ ಮೊದಲು ಕಬ್ಬಿಣ, ಆಮೇಲೆ ಎಚ್‌ಪಿಎಲ್‌ಸಿ.

ಸಿರಪ್ ಶುರುವಾದ ಒಂದು ತಿಂಗಳಿಗೆ ಸಿಬಿಸಿ ಮತ್ತೆ ಮಾಡಿಸುತ್ತೇನೆ. ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ತಾಯಿಗೆ ಏನಾದರೂ ಅನ್ನುವ ಮೊದಲು ಮಗುವಿನ ಹಲ್ಲು ನೋಡುತ್ತೇನೆ.