ಹೆಚ್ಚುವರಿ ಡಿಸ್ಕ್ ಜೋಡಿಸಿದ ಮೇಲೆ ಲಿನಕ್ಸ್ ಕಂಪ್ಯೂಟರ್ ಬೂಟ್ ಆಗದಿದ್ದರೆ

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಲಿನಕ್ಸ್ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಜೋಡಿಸಿದ ಕೂಡಲೇ ಅದು ಬೂಟ್ ಆಗದೆ ನಿಂತುಬಿಟ್ಟರೆ, ಆಪರೇಟಿಂಗ್ ಸಿಸ್ಟಮ್ಮೇ ಹಾಳಾಯಿತೆಂದು ತಿಳಿದು ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುವವರು ಅನೇಕರು. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಸಂದರ್ಭಗಳಲ್ಲಿ ಹಳೆಯ ಡಿಸ್ಕಿನಲ್ಲಿರುವ ಸಿಸ್ಟಮ್‌ಗೆ ಸಾಮಾನ್ಯವಾಗಿ ಯಾವ ಧಕ್ಕೆಯೂ ಆಗಿರುವುದಿಲ್ಲ. ತಪ್ಪಿರುವುದು ಯಾವ ಡಿಸ್ಕ್ ಯಾವುದೆಂಬ ಗುರುತು. ಫರ್ಮ್‌ವೇರ್ (ಮದರ್‌ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ), ಬೂಟ್‌ಲೋಡರ್ (ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ, ಸಾಮಾನ್ಯವಾಗಿ ಗ್ರಬ್), ಕರ್ನಲ್ (ಲಿನಕ್ಸಿನ ತಿರುಳು), ಸಿಸ್ಟಮ್‌ಡಿ (ಉಳಿದ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ) ಇವು ಒಂದರ ನಂತರ ಒಂದು ಕೆಲಸಕ್ಕೆ ಬರುತ್ತವೆ ಮತ್ತು ಡಿಸ್ಕುಗಳನ್ನು ತಮ್ಮ ತಮ್ಮ ರೀತಿಯಲ್ಲಿ ಹುಡುಕುತ್ತವೆ. ಆ ಹುಡುಕಾಟ ಯಾವ ಹಂತದಲ್ಲಿ ದಾರಿ ತಪ್ಪಿತು ಎಂದು ಕಂಡುಕೊಂಡರೆ ದುರಸ್ತಿಯ ಬಹುಪಾಲು ಮುಗಿದಂತೆಯೇ. ಈ ಬರಹದಲ್ಲಿ ಆಜ್ಞೆಗಳ ಮತ್ತು ಕಡತಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ವಿದ್ಯುತ್ ಸಂಪರ್ಕವನ್ನು ತೆಗೆದು, ಹೊಸ ಡಿಸ್ಕನ್ನು ಮಾತ್ರ ಕಳಚಿ ಮತ್ತೆ ಶುರು ಮಾಡಿ. ಈಗಲೂ ಬೂಟ್ ಆಗದಿದ್ದರೆ ಕೈಯಾಡಿಸುವಾಗ ಹಳೆಯ ಡಿಸ್ಕಿನ ಕೇಬಲ್ ಸಡಿಲವಾಗಿರಬಹುದು. ಅದನ್ನು ಗಟ್ಟಿಯಾಗಿ ಒತ್ತಿ ನೋಡಿ. ಬೂಟ್ ಆದರೆ ಹೊಸ ಡಿಸ್ಕನ್ನು ಮತ್ತೆ ಜೋಡಿಸಿ ಪರದೆಯನ್ನು ಗಮನವಿಟ್ಟು ಓದಿ.

ಮದರ್‌ಬೋರ್ಡಿನ ಲಾಂಛನದಲ್ಲಿಯೇ ನಿಂತರೆ ಅಥವಾ ಬೂಟ್ ಮಾಡಬಲ್ಲ ಸಾಧನವಿಲ್ಲ ಎಂಬ ಸಂದೇಶ ಬಂದರೆ ಸಮಸ್ಯೆ ಫರ್ಮ್‌ವೇರ್‌ನಲ್ಲಿದೆ, ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ. ‘ಗ್ರಬ್’ ಅಥವಾ ‘ಗ್ರಬ್ ರೆಸ್ಕ್ಯೂ’ ಎಂಬ ಪ್ರಾಂಪ್ಟ್ (ಆಜ್ಞೆ ಟೈಪಿಸುವ ಸಾಲು) ಕಂಡರೆ ಬೂಟ್‌ಲೋಡರ್ ಸಿಕ್ಕಿದೆ, ಆದರೆ ಅದಕ್ಕೆ ತನ್ನ ಕಡತಗಳು ಸಿಕ್ಕಿಲ್ಲ. ‘ಇನಿಟ್‌ರ್ಯಾಮ್‌ಎಫ್‌ಎಸ್’ ಅಥವಾ ‘ಡ್ರಾಕಟ್’ ಪ್ರಾಂಪ್ಟ್ ಬಂದರೆ ಕರ್ನಲ್ ಎದ್ದಿದೆ, ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕ್ ಭಾಗ) ಮಾತ್ರ ಕಂಡಿಲ್ಲ. 1 ನಿಮಿಷ 30 ಸೆಕೆಂಡುಗಳ ಎಣಿಕೆ ಕಾಣಿಸಿ ಆಮೇಲೆ ಎಮರ್ಜೆನ್ಸಿ ಮೋಡ್ ಬಂದರೆ ರೂಟ್ ಸಿಕ್ಕಿದೆ, ಬೇರೊಂದು ಪಾರ್ಟಿಷನ್‌ಗಾಗಿ ಸಿಸ್ಟಮ್‌ಡಿ ಕಾದು ಸೋತಿದೆ. ಲಿನಕ್ಸ್ ವಿತರಣೆಯ (ಉಬುಂಟು, ಡೆಬಿಯನ್ ಇತ್ಯಾದಿ) ಚಿತ್ರವೊಂದೇ ಕಾಣುತ್ತಾ ಇದ್ದು ಸಂದೇಶಗಳು ಮರೆಯಾಗಿದ್ದರೆ, ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನಿಂದ ‘ಕ್ವಯಟ್’, ‘ಸ್ಪ್ಲಾಶ್’ ಎಂಬ ಪದಗಳನ್ನು ಅಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುತ್ತದೆ, ಆದ್ದರಿಂದ ಅಂಜಬೇಕಾಗಿಲ್ಲ.

ಫರ್ಮ್‌ವೇರ್ ಹಂತದಲ್ಲಿ

ಹೊಸ ಡಿಸ್ಕ್ ಕಂಡಾಗ ಕೆಲವು ಫರ್ಮ್‌ವೇರ್‌ಗಳು ಅದನ್ನು ಬೂಟ್ ಕ್ರಮದ ಮೊದಲ ಸ್ಥಾನದಲ್ಲಿ ಇರಿಸಿಬಿಡುತ್ತವೆ. ಆ ಡಿಸ್ಕ್ ಬೇರೊಂದು ಕಂಪ್ಯೂಟರಿನಲ್ಲಿ ಬಳಕೆಯಾಗಿದ್ದರೆ ಅದರ ಮೊದಲ 512 ಬೈಟ್‌ಗಳ ಸೆಕ್ಟರ್‌ನಲ್ಲಿ ಹಳೆಯ ಬೂಟ್ ಕೋಡ್ ಉಳಿದಿರಬಹುದು. ಹಳೆಯ ಬಯೋಸ್ ವಿಧಾನದಲ್ಲಿ ಫರ್ಮ್‌ವೇರ್ ಆ ಕೋಡನ್ನೇ ನಡೆಸಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಫರ್ಮ್‌ವೇರ್ ಸೆಟಪ್‌ಗೆ ಹೋಗಿ ಲಿನಕ್ಸ್ ಇರುವ ಡಿಸ್ಕನ್ನು ಮೇಲಕ್ಕೆ ತಂದರೆ ಸಾಕು. ಅದಕ್ಕಿಂತ ಹೊಸದಾದ ಯುಇಎಫ್‌ಐ ವಿಧಾನದಲ್ಲಿ ಬೂಟ್ ನಮೂದುಗಳು ಮದರ್‌ಬೋರ್ಡಿನ ಸ್ಮೃತಿಯಲ್ಲಿ ಇರುತ್ತವೆ. ಲಿನಕ್ಸ್ ಒಳಗೆ ಬಂದ ಮೇಲೆ ‘ಇಎಫ್‌ಐಬೂಟ್‌ಎಂಜಿಆರ್’ ಆಜ್ಞೆ ಅವುಗಳ ಪಟ್ಟಿಯನ್ನು ತೋರಿಸುತ್ತದೆ, ‘-ಒ’ ಆಯ್ಕೆಯಿಂದ ಕ್ರಮವನ್ನು ಬದಲಿಸಬಹುದು.

ಇದೇ ಹಂತದಲ್ಲಿ ಬಹಳ ಜನ ಗಮನಿಸದ ಕಾರಣವೊಂದಿದೆ. ಅನೇಕ ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ (ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಮತ್ತು ಒಂದೆರಡು ಸಾಟಾ ಪೋರ್ಟ್‌ಗಳು (ಡಿಸ್ಕಿನ ಕೇಬಲ್ ಜೋಡಿಸುವ ಜಾಗ) ಒಂದೇ ಸಂಪರ್ಕ ಮಾರ್ಗವನ್ನು ಹಂಚಿಕೊಂಡಿರುತ್ತವೆ. ಸ್ಲಾಟ್‌ನಲ್ಲಿ ಹೊಸ ಎಸ್‌ಎಸ್‌ಡಿ ಕೂರಿಸಿದ ತಕ್ಷಣ ಆ ಸಾಟಾ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ. ಲಿನಕ್ಸ್ ಇರುವ ಡಿಸ್ಕ್ ಅಂಥ ಪೋರ್ಟ್‌ನಲ್ಲಿದ್ದರೆ ಅದು ಸೆಟಪ್‌ನಲ್ಲಿಯೂ ಕಾಣುವುದಿಲ್ಲ. ಗ್ರಬ್‌ನೊಂದಿಗೆ ಎಷ್ಟು ಗಂಟೆ ಹೆಣಗಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಸಾಫ್ಟ್‌ವೇರ್‌ನದ್ದಲ್ಲ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಯಾವ ಸ್ಲಾಟ್ ಯಾವ ಪೋರ್ಟನ್ನು ಕಿತ್ತುಕೊಳ್ಳುತ್ತದೆ ಎಂಬ ಕೋಷ್ಟಕ ಸಾಮಾನ್ಯವಾಗಿ ಇರುತ್ತದೆ. ಅದನ್ನು ನೋಡಿ ಕೇಬಲನ್ನು ಬೇರೆ ಪೋರ್ಟ್‌ಗೆ ಬದಲಿಸಿ.

3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್‌ವರೆಗೆ ಎಳೆಯಬಹುದು. ಹಳೆಯ ಪವರ್ ಸಪ್ಲೈಗೆ ಅಥವಾ ಒಂದೇ ತಂತಿಯಿಂದ ಕವಲೊಡೆಸಿದ ಹಲವು ಡಿಸ್ಕುಗಳಿಗೆ ಇದು ಭಾರವಾಗುತ್ತದೆ. ಯುಎಸ್‌ಬಿ ಡಿಸ್ಕ್ ಆಗಿದ್ದರೆ, ಬೂಟ್ ಆದ ಮೇಲೆ ಚುಚ್ಚಿ ನೋಡಿ. ಆಗ ಸರಿಯಾಗಿ ನಡೆದರೆ ಸೆಟಪ್‌ನಲ್ಲಿ ಯುಎಸ್‌ಬಿಯನ್ನು ಬೂಟ್ ಕ್ರಮದ ಕೊನೆಗೆ ತಳ್ಳಿ.

ಗ್ರಬ್ ಮತ್ತು ಕರ್ನಲ್

ಗ್ರಬ್ ಡಿಸ್ಕುಗಳನ್ನು ಎಚ್‌ಡಿ0, ಎಚ್‌ಡಿ1 ಎಂದು ಫರ್ಮ್‌ವೇರ್ ಕೊಟ್ಟ ಕ್ರಮದಲ್ಲಿ ಎಣಿಸುತ್ತದೆ. ಅದರ ಸಂರಚನಾ ಕಡತ ಯುಯುಐಡಿ ಎಂಬ ಗುರುತಿನ ಸಂಖ್ಯೆಯಿಂದ ಪಾರ್ಟಿಷನನ್ನು ಹುಡುಕುವುದರಿಂದ ಎಣಿಕೆ ಬದಲಾದರೂ ಹೆಚ್ಚಿನ ವೇಳೆ ತೊಂದರೆಯಿಲ್ಲ. ಆದರೂ ರೆಸ್ಕ್ಯೂ ಪ್ರಾಂಪ್ಟ್ ಬಂದರೆ, ‘ಎಲ್‌ಎಸ್’ ಎಂದು ಟೈಪಿಸಿದಾಗ ಸಿಗುವ ಪಾರ್ಟಿಷನ್‌ಗಳನ್ನು ಒಂದೊಂದಾಗಿ ನೋಡಿ ಗ್ರಬ್ ಫೋಲ್ಡರ್ ಎಲ್ಲಿದೆಯೆಂದು ಗುರುತಿಸಿಕೊಳ್ಳಿ. ‘ಸೆಟ್’ ಆಜ್ಞೆಯಿಂದ ‘ರೂಟ್’ಗೆ ಆ ಪಾರ್ಟಿಷನನ್ನೂ ‘ಪ್ರಿಫಿಕ್ಸ್’ಗೆ ಆ ಫೋಲ್ಡರಿನ ದಾರಿಯನ್ನೂ ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’, ನಂತರ ‘ನಾರ್ಮಲ್’ ಎಂದರೆ ಮೆನು ಬರುತ್ತದೆ. ಇದು ತಾತ್ಕಾಲಿಕ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ಒಳಗೆ ಬಂದ ಮೇಲೆ ‘ಗ್ರಬ್-ಇನ್‌ಸ್ಟಾಲ್’ ಮತ್ತು ‘ಅಪ್‌ಡೇಟ್-ಗ್ರಬ್’ ಆಜ್ಞೆಗಳನ್ನು ನಡೆಸಿ ಕಾಯಂ ಮಾಡಿಕೊಳ್ಳಬೇಕು. ಹಳೆಯ ಬಯೋಸ್ ಯಂತ್ರದಲ್ಲಿ ‘ಗ್ರಬ್-ಇನ್‌ಸ್ಟಾಲ್’ಗೆ ಪಾರ್ಟಿಷನ್ ಅಲ್ಲ, ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು, ಆ ಹೆಸರು ಹಳೆಯ ಡಿಸ್ಕಿನದ್ದೇ ಎಂದು ಗಾತ್ರ ಮತ್ತು ಮಾದರಿ ನೋಡಿ ಎರಡು ಬಾರಿ ಖಚಿತಪಡಿಸಿಕೊಳ್ಳಿ.

ಕರ್ನಲ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಡಿಸ್ಕಿನ ಹೆಸರುಗಳಲ್ಲ, ಸರದಿಯ ಹೆಸರುಗಳು. ಯಾವುದು ಮೊದಲು ಪತ್ತೆಯಾಯಿತೋ ಅದು ಎಸ್‌ಡಿಎ. ಡಿಸ್ಕುಗಳ ಪತ್ತೆ ಏಕಕಾಲದಲ್ಲಿ ನಡೆಯುವುದರಿಂದ ಒಂದೇ ಯಂತ್ರದಲ್ಲಿ ಇಂದು ಎಸ್‌ಡಿಎ ಆಗಿದ್ದದ್ದು ನಾಳೆ ಎಸ್‌ಡಿಬಿ ಆಗಬಹುದು. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಸಾಧನಗಳ ಅಂಕೆಗಳಿಗೂ ಇದೇ ಮಾತು ಸಲ್ಲುತ್ತದೆ. ಕರ್ನಲ್ ಸಾಲಿನಲ್ಲಿ ರೂಟ್ ಪಾರ್ಟಿಷನನ್ನು ಇಂಥ ಹೆಸರಿನಿಂದ ಸೂಚಿಸಿದ್ದರೆ ಇನಿಟ್‌ರ್ಯಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲಿ ಬಂದು ನಿಲ್ಲುವ ಸಂಭವ ಹೆಚ್ಚು. ಅಲ್ಲಿ ‘/ಪ್ರಾಕ್/ಸಿಎಂಡಿಲೈನ್’ ಕಡತವನ್ನು ‘ಕ್ಯಾಟ್’ ಆಜ್ಞೆಯಿಂದ ತೆರೆದು, ಅದರಲ್ಲಿರುವ ರೂಟ್ ಗುರುತನ್ನು ‘ಬಿಎಲ್‌ಕೆಐಡಿ’ ತೋರಿಸುವ ಗುರುತುಗಳೊಂದಿಗೆ ಹೋಲಿಸಿ. ಗುರುತು ಪಟ್ಟಿಯಲ್ಲಿ ಇದೆಯೆಂದಾದರೆ ಡಿಸ್ಕ್ ತಡವಾಗಿ ಎದ್ದಿದೆ ಎಂದರ್ಥ; ‘ಎಕ್ಸಿಟ್’ ಎಂದರೆ ಬೂಟ್ ಮುಂದುವರಿಯುವ ಸಾಧ್ಯತೆಯಿದೆ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಕರ್ನಲ್ ಸಾಲಿಗೆ ‘ರೂಟ್‌ಡಿಲೇ=10’ ಸೇರಿಸಿಯೂ ನೋಡಬಹುದು. ಡಿಸ್ಕೇ ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಬಲ್, ಪೋರ್ಟ್, ಅಥವಾ ಸೆಟಪ್‌ನಲ್ಲಿ ಎಎಚ್‌ಸಿಐನಿಂದ ರೇಡ್‌ಗೆ ಬದಲಾಗಿರುವ ಸಾಟಾ ಮೋಡ್ ಕಾರಣವಾಗಿರಬಹುದು.

ಎಫ್‌ಎಸ್‌ಟ್ಯಾಬ್: ತಪ್ಪು ಹೆಚ್ಚಾಗಿ ಅಡಗಿರುವ ಜಾಗ

ಎಮರ್ಜೆನ್ಸಿ ಮೋಡ್‌ಗೆ ಬಂದು ನಿಂತವರು ಮೊದಲು ತೆರೆಯಬೇಕಾದ ಕಡತ ‘/ಇಟಿಸಿ/ಎಫ್‌ಎಸ್‌ಟ್ಯಾಬ್’. ಯಾವ ಪಾರ್ಟಿಷನನ್ನು ಎಲ್ಲಿ ಮೌಂಟ್ ಮಾಡಬೇಕೆಂದು (ಯಾವ ಫೋಲ್ಡರಿಗೆ ಜೋಡಿಸಬೇಕೆಂದು) ಹೇಳುವ ಈ ಕಡತದ ಪ್ರತಿ ಸಾಲಿನಲ್ಲಿ ಆರು ಅಂಕಣಗಳಿವೆ: ಸಾಧನ, ಮೌಂಟ್ ಮಾಡುವ ಜಾಗ, ಫೈಲ್‌ಸಿಸ್ಟಮ್ಮಿನ (ಕಡತಗಳನ್ನು ಇಡುವ ವ್ಯವಸ್ಥೆಯ) ಬಗೆ, ಆಯ್ಕೆಗಳು, ಡಂಪ್ ಸಂಖ್ಯೆ, ತಪಾಸಣೆಯ ಸರದಿ. ಇಲ್ಲಿ ಬರೆದ ಯಾವುದೇ ಸಾಧನ ಬೂಟ್‌ಗೆ ಅನಿವಾರ್ಯವೆಂದೇ ಸಿಸ್ಟಮ್‌ಡಿ ಭಾವಿಸುತ್ತದೆ; ಹಾಗಲ್ಲವೆಂದು ನಾವು ಹೇಳದ ಹೊರತು 90 ಸೆಕೆಂಡು ಕಾದು ಬೂಟನ್ನು ನಿಲ್ಲಿಸುತ್ತದೆ. ಕೇವಲ ಸಂಗ್ರಹಕ್ಕಾಗಿ ಜೋಡಿಸಿದ ಡಿಸ್ಕಿನ ಯುಯುಐಡಿಯಲ್ಲಿ ಒಂದಕ್ಷರ ತಪ್ಪಿದರೂ ಇಡೀ ಯಂತ್ರ ನಿಲ್ಲುವುದು ಹೀಗೆ.

ಪಾಸ್‌ವರ್ಡ್ ಕೊಟ್ಟು ಒಳಗೆ ಬಂದು, ‘ಜರ್ನಲ್‌ಸಿಟಿಎಲ್ -ಎಕ್ಸ್‌ಬಿ’ ಆಜ್ಞೆಯಿಂದ ಯಾವ ಮೌಂಟ್ ಸೋತಿತು ಎಂದು ನೋಡಿ. ನಂತರ ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಎಂದು ರೂಟ್ ಪಾರ್ಟಿಷನನ್ನು ಬರೆಯಲು ತೆರೆದು, ತಪ್ಪಿತಸ್ಥ ಸಾಲಿನ ಮುಂದೆ # ಚಿಹ್ನೆ ಹಾಕಿ ರೀಬೂಟ್ ಮಾಡಿ. ಉಬುಂಟುವಿನಂಥ ವಿತರಣೆಗಳಲ್ಲಿ ರೂಟ್ ಎಂಬ ನಿರ್ವಾಹಕ ಖಾತೆಗೆ ಬೀಗ ಹಾಕಿರುವುದರಿಂದ ಎಮರ್ಜೆನ್ಸಿ ಮೋಡ್ ಒಳಗೆ ಬಿಡದಿರಬಹುದು. ಆಗ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಲಿನಕ್ಸ್ ನಡೆಸುವ ಪೆನ್‌ಡ್ರೈವ್) ಬೂಟ್ ಮಾಡಿ ಅದೇ ಕಡತವನ್ನು ತಿದ್ದುವುದು ನನ್ನ ಮಟ್ಟಿಗೆ ಅತ್ಯಂತ ನೆಮ್ಮದಿಯ ದಾರಿ. ಲೈವ್ ಯುಎಸ್‌ಬಿಯ ಸ್ವಂತ ಎಫ್‌ಎಸ್‌ಟ್ಯಾಬ್ ಕಡತವನ್ನು ತಿದ್ದಿ ಏನೂ ಬದಲಾಗಲಿಲ್ಲವೆಂದು ಪರದಾಡುವುದು ಸುಲಭ, ಆದ್ದರಿಂದ ಹಳೆಯ ಡಿಸ್ಕನ್ನು ಮೌಂಟ್ ಮಾಡಿದ ಫೋಲ್ಡರಿನೊಳಗಿನ ಕಡತವೇ ಅದು ಎಂದು ನೋಡಿಕೊಳ್ಳಿ.

ಯಂತ್ರ ಎದ್ದ ಮೇಲೆ ಸಾಲನ್ನು ಸರಿಯಾಗಿ ಬರೆಯಿರಿ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ತೋರಿಸುವ ಯುಯುಐಡಿಯನ್ನು ಕೈಯಿಂದ ಟೈಪಿಸದೆ ನಕಲಿಸಿಕೊಳ್ಳಿ. ಆಯ್ಕೆಗಳ ಅಂಕಣದಲ್ಲಿ ‘ಡೀಫಾಲ್ಟ್ಸ್’ ಜೊತೆಗೆ ‘ನೋಫೇಲ್’ ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್’ ಎಂದು ಸೇರಿಸಿದರೆ, ಡಿಸ್ಕ್ ಸಿಗದಿದ್ದಾಗ ಸಿಸ್ಟಮ್‌ಡಿ ಬೂಟನ್ನು ನಿಲ್ಲಿಸದೆ ಮುಂದುವರಿಯುತ್ತದೆ. ಕೊನೆಯ ಅಂಕಣದಲ್ಲಿ ರೂಟ್‌ಗೆ 1, ಉಳಿದ ಲಿನಕ್ಸ್ ಪಾರ್ಟಿಷನ್‌ಗಳಿಗೆ 2, ತಪಾಸಣೆ ಬೇಡವಾದವಕ್ಕೆ 0 ಇರಲಿ. ರೀಬೂಟ್ ಮಾಡುವ ಮುನ್ನ ‘ಫೈಂಡ್‌ಎಂಎನ್‌ಟಿ --ವೆರಿಫೈ’, ‘ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’, ‘ಮೌಂಟ್ -ಎ’ ಈ ಮೂರನ್ನೂ ನಡೆಸಿದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

‘ನೋಫೇಲ್’ ಎಲ್ಲದಕ್ಕೂ ಮದ್ದಲ್ಲ. ‘/ಹೋಮ್’ (ಬಳಕೆದಾರರ ಕಡತಗಳಿರುವ ಫೋಲ್ಡರ್) ಬೇರೆ ಡಿಸ್ಕಿನಲ್ಲಿದ್ದರೆ ಅದಿಲ್ಲದೆ ಯಂತ್ರ ಏಳುವುದಕ್ಕಿಂತ ನಿಲ್ಲುವುದೇ ಲೇಸು. ಬ್ಯಾಕಪ್ ಡಿಸ್ಕಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ: ಡಿಸ್ಕ್ ಮೌಂಟ್ ಆಗದಿದ್ದಾಗ ಬ್ಯಾಕಪ್ ಪ್ರೋಗ್ರಾಂ ಆ ಖಾಲಿ ಫೋಲ್ಡರಿಗೇ ಬರೆಯುತ್ತಾ ಹೋಗಿ ರೂಟ್ ಪಾರ್ಟಿಷನನ್ನು ತುಂಬಿಸಿಬಿಡುತ್ತದೆ. ರೂಟ್ ಪಾರ್ಟಿಷನ್ ಎಕ್ಸ್ಟ್4 ಎಂಬ ಫೈಲ್‌ಸಿಸ್ಟಮ್ಮಿನದ್ದಾಗಿದ್ದರೆ, ಡಿಸ್ಕನ್ನು ಅನ್‌ಮೌಂಟ್ ಮಾಡಿದ ಸ್ಥಿತಿಯಲ್ಲಿ ಖಾಲಿ ಫೋಲ್ಡರಿಗೆ ‘ಸಿಎಚ್‌ಎಟಿಟಿಆರ್ +ಐ’ ಹಾಕಿದರೆ ಅದರೊಳಗೆ ಏನೂ ಬರೆಯಲಾಗದು. ಡಿಸ್ಕ್ ಮೌಂಟ್ ಆದಾಗ ಎಂದಿನಂತೆ ಬರೆಯಬಹುದು.

ವಿಂಡೋಸ್‌ನಿಂದ ಬಂದ ಎನ್‌ಟಿಎಫ್‌ಎಸ್ ಡಿಸ್ಕ್ ಕೂಡ ಇಲ್ಲಿಯೇ ತೊಡಕು ಮಾಡುತ್ತದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ವಿಂಡೋಸ್ ಪೂರ್ಣವಾಗಿ ಶಟ್‌ಡೌನ್ ಆಗದೆ ಡಿಸ್ಕನ್ನು ಅರೆಬರೆ ಸ್ಥಿತಿಯಲ್ಲಿ ಬಿಟ್ಟಿರುತ್ತದೆ, ಲಿನಕ್ಸ್ ಅದನ್ನು ಮೌಂಟ್ ಮಾಡಲು ಒಪ್ಪದಿರಬಹುದು. ವಿಂಡೋಸ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿ ಸರಿಯಾಗಿ ಶಟ್‌ಡೌನ್ ಮಾಡುವುದೇ ಪರಿಹಾರ.

ನಕಲು ಡಿಸ್ಕ್, ಬಳಸಿದ ಡಿಸ್ಕ್

ಹಳೆಯ ಡಿಸ್ಕನ್ನು ‘ಡಿಡಿ’ ಆಜ್ಞೆಯಿಂದ ಪೂರ್ತಿ ನಕಲು ಮಾಡಿ ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಯುಯುಐಡಿಗಳೂ ನಕಲಾಗಿರುತ್ತವೆ, ಆಗ ಯುಯುಐಡಿಯೂ ಗುರುತಾಗಿ ಉಳಿಯುವುದಿಲ್ಲ. ಯಂತ್ರ ಎದ್ದರೂ ಯಾವ ಡಿಸ್ಕಿನಿಂದ ಎದ್ದಿತು ಎಂದು ಹೇಳಲಾಗದು. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಎರಡನೆಯದನ್ನು ಮೌಂಟ್ ಮಾಡಲು ನಿರಾಕರಿಸುತ್ತದೆ; ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ಮಿನಲ್ಲಿ ಹೀಗೆ ಎರಡು ಪ್ರತಿಗಳನ್ನು ಒಟ್ಟಿಗೆ ಇಡುವುದು ದತ್ತಾಂಶಕ್ಕೇ ಅಪಾಯಕಾರಿ. ಮೂಲ ಡಿಸ್ಕನ್ನು ಕಳಚಿ, ಲೈವ್ ಯುಎಸ್‌ಬಿಯಿಂದ ನಕಲು ಡಿಸ್ಕಿಗೆ ಮಾತ್ರ ಹೊಸ ಗುರುತು ಕೊಡಿ: ಎಕ್ಸ್ಟ್4ಗೆ ‘ಟ್ಯೂನ್2ಎಫ್‌ಎಸ್ -ಯು ರ್ಯಾಂಡಮ್’, ಎಕ್ಸ್‌ಎಫ್‌ಎಸ್‌ಗೆ ‘ಎಕ್ಸ್‌ಎಫ್‌ಎಸ್_ಅಡ್ಮಿನ್ -ಯು ಜನರೇಟ್’, ಬಿಟಿಆರ್‌ಎಫ್‌ಎಸ್‌ಗೆ ‘ಬಿಟಿಆರ್‌ಎಫ್‌ಎಸ್‌ಟ್ಯೂನ್ -ಯು’. ಮೊದಲೆರಡರಲ್ಲಿ ‘ಯು’ ದೊಡ್ಡಕ್ಷರ, ಮೂರನೆಯದರಲ್ಲಿ ಸಣ್ಣಕ್ಷರ. ನಕಲಿನಿಂದಲೂ ಬೂಟ್ ಮಾಡಬೇಕೆಂದಿದ್ದರೆ ಅದರೊಳಗಿನ ಎಫ್‌ಎಸ್‌ಟ್ಯಾಬ್ ಮತ್ತು ಗ್ರಬ್ ಸಂರಚನೆಯನ್ನೂ ಹೊಸ ಗುರುತಿಗೆ ಹೊಂದಿಸಬೇಕು.

ಬೇರೊಂದು ಲಿನಕ್ಸ್ ಯಂತ್ರದಲ್ಲಿ ಬಳಸಿದ ಡಿಸ್ಕ್ ಎಲ್‌ವಿಎಂ (ಡಿಸ್ಕುಗಳ ಜಾಗವನ್ನು ಗುಂಪು ಮಾಡಿ ಹಂಚುವ ವ್ಯವಸ್ಥೆ) ಹೊಂದಿದ್ದರೆ ವಾಲ್ಯೂಮ್ ಗ್ರೂಪ್‌ನ ಹೆಸರುಗಳು ಡಿಕ್ಕಿ ಹೊಡೆಯಬಹುದು. ಉಬುಂಟು ಇನ್‌ಸ್ಟಾಲರ್ ಕೊಡುವ ‘ಉಬುಂಟು-ವಿಜಿ’ ಎಂಬ ಹೆಸರು ಎರಡರಲ್ಲೂ ಇದ್ದರೆ ಕರ್ನಲ್ ಸಾಲಿನಲ್ಲಿರುವ ರೂಟ್ ಯಾವುದೆಂಬುದು ಗೊಂದಲಕ್ಕೀಡಾಗುತ್ತದೆ. ‘ವಿಜಿಎಸ್ -ಒ +ವಿಜಿ_ಯುಯುಐಡಿ’ ಆಜ್ಞೆಯಿಂದ ಗುರುತು ತಿಳಿದು, ‘ವಿಜಿರಿನೇಮ್’ ಮೂಲಕ ಹೊಸ ಡಿಸ್ಕಿನ ಗುಂಪಿಗೆ ಬೇರೆ ಹೆಸರು ಇಡಿ. ಆ ಡಿಸ್ಕಿನಲ್ಲಿರುವ ಯಾವುದೂ ಬೇಡವೆಂದಾದರೆ ‘ವೈಪ್‌ಎಫ್‌ಎಸ್’ ಹಳೆಯ ಸಹಿಗಳನ್ನು ಪಟ್ಟಿ ಮಾಡುತ್ತದೆ. ‘-ಎ’ ಸೇರಿಸಿದರೆ ಅವನ್ನು ಅಳಿಸುತ್ತದೆ. ಅಳಿಸುವ ಮುನ್ನ ಎಸ್‌ಡಿಬಿಯಂಥ ಹೆಸರನ್ನು ನಂಬದೆ, ‘/ಡೆವ್/ಡಿಸ್ಕ್/ಬೈ-ಐಡಿ’ ಫೋಲ್ಡರಿನಲ್ಲಿ ಮಾದರಿ ಮತ್ತು ಸೀರಿಯಲ್ ಸಂಖ್ಯೆಯಿರುವ ಹೆಸರನ್ನು ಡಿಸ್ಕಿನ ಮೇಲಿನ ಚೀಟಿಯೊಂದಿಗೆ ತಾಳೆ ನೋಡಿ ಅದನ್ನೇ ಆಜ್ಞೆಯಲ್ಲಿ ಬಳಸಿ.

ಎಲ್ಲ ಸರಿಹೋದಂತೆ ಕಂಡ ಮೇಲೆ ಡಿಸ್ಕ್ ಇದ್ದಾಗ ಒಮ್ಮೆ, ಕಳಚಿದಾಗ ಒಮ್ಮೆ ಬೂಟ್ ಮಾಡಿ ನೋಡಿ. ಡಿಸ್ಕ್ ಇದ್ದಾಗ ಮಾತ್ರ ಬೂಟ್ ತೀರಾ ನಿಧಾನವಾಗಿ, ‘ಡಿಎಂಇಎಸ್‌ಜಿ’ ಆಜ್ಞೆ ತೋರಿಸುವ ಕರ್ನಲ್ ಸಂದೇಶಗಳಲ್ಲಿ ಆ ಪೋರ್ಟಿನ ಓದುವ ದೋಷಗಳು ಮತ್ತೆ ಮತ್ತೆ ಕಾಣಿಸಿದರೆ ಕೇಬಲ್ ಬದಲಿಸಿ, ಆಮೇಲೂ ಬಂದರೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಡುವ ವರದಿಯಲ್ಲಿ ಬಾಕಿ ಸೆಕ್ಟರುಗಳ (ಓದಲಾಗದೆ ಬದಲಿಗೆ ಕಾದಿರುವ ಭಾಗಗಳ) ಸಂಖ್ಯೆ ಸೊನ್ನೆಗಿಂತ ಹೆಚ್ಚಿದೆಯೇ ನೋಡಿ, ಹೆಚ್ಚಿದ್ದರೆ ಆ ಡಿಸ್ಕಿಗೆ ಯಾವ ಕಡತವನ್ನೂ ಹಾಕುವ ಮೊದಲು ಅದರಲ್ಲಿರುವುದನ್ನು ಬೇರೆಡೆಗೆ ಸಾಗಿಸಿ.