ಸಿಇಟಿ ಗ್ರಾಮೀಣ ಕೋಟಾ: ಕೊಡಗಿನ ವಿದ್ಯಾರ್ಥಿಗಳು ಮೊದಲೇ ಮಾಡಿಟ್ಟುಕೊಳ್ಳಬೇಕಾದ್ದು

ನಾಪೋಕ್ಲಿನ ತೋಟದಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಸೀಟಿಗೆ ಗ್ರಾಮೀಣ ಕೋಟಾ ಸಿಗುವುದಿಲ್ಲ. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ನಡೆಸುವ ಪರೀಕ್ಷಾ ಪ್ರಾಧಿಕಾರ ನೋಡುವುದು ಶಾಲೆ ಎಲ್ಲಿತ್ತು ಎಂದು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ 10 ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಹೈಸ್ಕೂಲಿಗೆಂದು ಮಡಿಕೇರಿ ನಗರಸಭೆ ವ್ಯಾಪ್ತಿಯ ಶಾಲೆಗೆ ಒಂದೇ ವರ್ಷ ಹೋಗಿದ್ದರೂ ಕೋಟಾ ತಪ್ಪಿತು. ಹೀಗಾಗಿ ಪೇಟೆಯ ಹಾಸ್ಟೆಲ್ಲಿನಲ್ಲಿದ್ದು ಓದಿದ ಲೈನ್‌ಮನೆ ಕೂಲಿಕಾರರ ಮಗಳಿಗೆ ಇಲ್ಲದ ಸೌಲಭ್ಯ, ಹಳ್ಳಿಯಲ್ಲೇ ಇರುವ ದುಬಾರಿ ಶಾಲೆಯ ಹುಡುಗನಿಗೆ ದಕ್ಕಬಹುದು. ಈ ಅಳತೆಗೋಲು ಸರಿಯಿಲ್ಲ, ಆದರೆ ಸದ್ಯಕ್ಕೆ ಇರುವುದು ಇದೇ. ಶಾಲೆ ಬದಲಿಸುವ ಮೊದಲು ಆ ಜಾಗ ನಗರ ವ್ಯಾಪ್ತಿಗೆ ಬರುತ್ತದೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿಕೊಳ್ಳಿ.

ಗ್ರಾಮೀಣಕ್ಕೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಇವೆರಡೂ ಪ್ರತಿ ವರ್ಗದ ಒಳಗೇ ಲೆಕ್ಕವಾಗುತ್ತವೆ. ಕಳೆದ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ 3ಎಜಿ (3ಎ ವರ್ಗದ ಸಾಮಾನ್ಯ), 3ಎಆರ್ (ಗ್ರಾಮೀಣ), 3ಎಕೆ (ಕನ್ನಡ ಮಾಧ್ಯಮ) ಎಂದು ಮೂರು ಕಾಲಂ ಕಾಣುವುದು ಇದಕ್ಕೇ. ಅರ್ಹತೆ ಇದ್ದರೆ ಎರಡನ್ನೂ ಕೇಳಿ. ಅದೂ ಅರ್ಜಿ ತುಂಬುವಾಗಲೇ.

ವ್ಯಾಸಂಗ ಪ್ರಮಾಣಪತ್ರದಲ್ಲಿ ತರಗತಿವಾರು ವರ್ಷ, ಶಾಲೆ, ಊರು ಬರೆಸಿ. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಒಂದೊಂದರ ಮುಖ್ಯೋಪಾಧ್ಯಾಯರ ಸಹಿಯೂ ಬೇಕು, ಆಮೇಲೆ ಆಯಾ ತಾಲ್ಲೂಕಿನ ಬಿಇಒ ಮೇಲುಸಹಿಯೂ ಬೇಕು. ಮೇಲುಸಹಿ ಇಲ್ಲದೆ ತಂದ ಪತ್ರ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆಯ ದಾಖಲೆ ಹುಡುಕಿಸುವುದಂತೂ ಬೇಗ ಆಗುವ ಕೆಲಸವಲ್ಲ. ದ್ವಿತೀಯ ಪಿಯುಸಿ ಶುರುವಾದಾಗಲೇ ಕೈಹಾಕಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳಿದರೆ, ಕೆನೆಪದರದಲ್ಲಿಲ್ಲ (ಅನುಕೂಲಸ್ಥರ ಗುಂಪಿಗೆ ಸೇರಿಲ್ಲ) ಎಂಬ ತಹಶೀಲ್ದಾರರ ಪತ್ರವೂ ಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಜಾತಿ-ಆದಾಯ ಪತ್ರ ನಾಡಕಚೇರಿಯಲ್ಲಿ: ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ-1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ಪತ್ರ ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು, ಅಪ್ಪನ ಹೆಸರಿನದು ನಡೆಯುವುದಿಲ್ಲ. ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ಹಾಕಿದಾಗ ತೆರೆಯ ಮೇಲೆ ಬರುವ ಹೆಸರು ಅಂಕಪಟ್ಟಿಗೆ ಹೊಂದಬೇಕು. ಕೊಡಗಿನಲ್ಲಿ ತೊಡಕಾಗುವುದು ಇಲ್ಲೇ: ಮನೆಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂದಿಟ್ಟು ಅದರಲ್ಲಿರುವಂತೆಯೇ ಹೊಡೆಸಿ.

ಕೋಟಾ ಇದೆ ಎಂದು ಅಂಕ ಕಡೆಗಣಿಸಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಅರ್ಧ, ಸಿಇಟಿ ಅರ್ಧ. ರ‍್ಯಾಂಕ್ ಚೆನ್ನಾಗಿದ್ದರೆ 3ಎ ವಿದ್ಯಾರ್ಥಿಗೂ ಸಾಮಾನ್ಯ ವರ್ಗದ ಸೀಟೇ ಸಿಗುತ್ತದೆ. ಆಪ್ಷನ್ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ) ತುಂಬುವಾಗ ನಿಮಗೆ ನಿಜಕ್ಕೂ ಬೇಕಾದದ್ದನ್ನೇ ಮೊದಲಿಡಿ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹತ್ತಿರ ಎಂದು ಮೇಲೆ ಹಾಕಿ ಅದೇ ಸಿಕ್ಕಿದರೆ, ಕೆಳಗಿರುವ ಮೈಸೂರಿನ ಆಯ್ಕೆಗಳನ್ನು ಕಂಪ್ಯೂಟರ್ ನೋಡುವುದೇ ಇಲ್ಲ.

ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಶುಲ್ಕ ಕಟ್ಟಿ ಸೇರುವುದು. 2 ಎಂದರೆ ಸೀಟು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದು. 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 4 ಎಂದರೆ ಹೊರಬರುವುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಕೊನೆಯ ದಿನದ ಸಂಜೆವರೆಗೆ ಕಾಯದೆ ಹಿಂದಿನ ದಿನವೇ ಆಯ್ಕೆ ದಾಖಲಿಸಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ.